ಕಲ್ಲು ಮರೆಯುವ ಬಗೆ

ವಿಜಯವಾಡದ ಭವಾನಿಪುರಂ ಮಗ್ಗುಲಲ್ಲಿ ಹರಿಯುವ ಕೃಷ್ಣೆ ಮಹಾಬಲೇಶ್ವರದ ಕರಿಕಲ್ಲಿನಲ್ಲಿ ಹುಟ್ಟಿ, ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು ಸೀಮೆಗಳನ್ನು ಹಾದು, ಸಾವಿರ ಕಿಲೋಮೀಟರಿಗೂ ಮಿಕ್ಕಿ ಹರಿದು ಬಂದು ಪ್ರಕಾಶಂ ಬ್ಯಾರೇಜಿನ ಹಿಂದೆ ನಿಲ್ಲುತ್ತಾಳೆ. ಅವಳು ಹೊತ್ತು ತಂದ ಮರಳಿನಲ್ಲಿ ಸೂಜಿಗಲ್ಲನ್ನು ಆಡಿಸಿದರೆ ಕಪ್ಪು ಕಣಗಳು ಅಂಟಿಕೊಂಡು ಮೇಲೆ ಬರುತ್ತವೆ. ಅವುಗಳಲ್ಲಿ ಬಹಳಷ್ಟು ಮ್ಯಾಗ್ನೆಟೈಟ್, ಉಳಿದವು ಟೈಟಾನಿಯಂ ಬೆರೆತ ಅದರ ಸೋದರ ಖನಿಜಗಳು. ದಖ್ಖನ್ನಿನ ಲಾವಾ ಬಂಡೆಗಳು ಸವೆದಾಗ ಉದುರಿದ ಕಣಗಳೂ ಇವುಗಳಲ್ಲಿ ಸೇರಿವೆ. ಅಂಥ ಒಂದೊಂದು ಕಣವೂ ಇಂದಿಗೂ ಒಂದು ಪುಟ್ಟ ಕಾಂತವೇ. ಹುಟ್ಟಿದ ಬಂಡೆಯೊಳಗೆ ಕದಲದೆ ಕೂತಿದ್ದಾಗ ಅದು 6.6 ಕೋಟಿ ವರ್ಷಗಳ ಹಿಂದಿನ ಉತ್ತರ ಯಾವ ಕಡೆಗಿತ್ತು ಎಂದು ತೋರಿಸುತ್ತಿತ್ತು. ನದಿಯಲ್ಲಿ ಉರುಳಿದ ಮೇಲೆ ಕಾಂತತ್ವ ಉಳಿಯಿತು, ದಿಕ್ಕಿನ ಅರ್ಥ ಹೋಯಿತು. ಹೀಗಾಗಿ ಕಾಂತತ್ವ ಇರುವ ಕಲ್ಲೆಲ್ಲ ಚರಿತ್ರೆ ಹೇಳುವ ಕಲ್ಲಾಗುವುದಿಲ್ಲ. ಈ ಉಪನ್ಯಾಸದಲ್ಲಿ ನಾನು ವಾದಿಸಬೇಕೆಂದಿರುವುದು ಇಷ್ಟೇ: ಭೂಮಿಯ ಕಾಂತಕ್ಷೇತ್ರವನ್ನು ಕಲ್ಲು ನೆನಪಿಟ್ಟುಕೊಳ್ಳುತ್ತದೆ ಎನ್ನುವುದು ಅರ್ಧ ಮಾತು. ಯಾವ ಶಾಖಕ್ಕೆ, ಯಾವ ರಾಸಾಯನಿಕ ಬದಲಾವಣೆಗೆ, ಎಷ್ಟು ಕಾಲಕ್ಕೆ ಅದು ಮರೆಯುತ್ತದೆ ಎಂದು ತಿಳಿದುಕೊಂಡ ಮೇಲೆಯೇ ಆ ನೆನಪಿಗೆ ಪ್ರಮಾಣದ ಬೆಲೆ ಬಂದದ್ದು. ಇದಕ್ಕೆ ಬೇಕಾದ ಒಳ್ಳೆಯ ಉದಾಹರಣೆ ಇಲ್ಲಿಂದ ಸುಮಾರು 150 ಕಿಲೋಮೀಟರು ದೂರದ ರಾಜಮಹೇಂದ್ರವರದ ಕಲ್ಲುಕ್ವಾರಿಗಳಲ್ಲಿದೆ.

ಮೊದಲು ಕಲ್ಲಿನ ಸಾಕ್ಷ್ಯವೇ ಏಕೆ ಬೇಕು ಎಂಬ ಪ್ರಶ್ನೆ. ಭೂಮಿಯ ಕಾಂತಕ್ಷೇತ್ರ ಹುಟ್ಟುವುದು ನಮ್ಮ ಕಾಲ ಕೆಳಗೆ ಸುಮಾರು 2,900 ಕಿಲೋಮೀಟರು ಆಳದಿಂದಾಚೆ, ಕರಗಿದ ಕಬ್ಬಿಣ ಸದಾ ಮಗುಚುತ್ತಿರುವ ಹೊರಗರ್ಭದಲ್ಲಿ. ಅದು ಸ್ಥಿರವಾದುದಲ್ಲ. ಮುಂಬಯಿಯ ಕೊಲಾಬಾದಲ್ಲಿ 1841ರಲ್ಲಿ ಅದರ ಅಳತೆ ಶುರುವಾಯಿತು. ನಗರಕ್ಕೆ ವಿದ್ಯುತ್ ಟ್ರಾಮು ಬರಲಿದೆ, ಅದರ ತಂತಿಯ ವಿದ್ಯುತ್ತು ಉಪಕರಣಗಳನ್ನು ಕೆಡಿಸುತ್ತದೆ ಎಂದು 1904ರಲ್ಲಿ ಆ ಕೆಲಸವನ್ನು ಅಲಿಬಾಗಿಗೆ ಸಾಗಿಸಲಾಯಿತು. ಲೋಕದಲ್ಲೇ ದೀರ್ಘವೆನ್ನಬಹುದಾದ ದಾಖಲೆ ಅದು. ಆದರೂ ಅದರ ವಯಸ್ಸು ಎರಡು ಶತಮಾನಕ್ಕೂ ಕಡಿಮೆ. ಕಾಂತಕ್ಷೇತ್ರವಾದರೋ ಶತಮಾನಗಳಲ್ಲಿ ಹೊರಳಾಡುತ್ತದೆ, ಲಕ್ಷಾಂತರ ವರ್ಷಗಳಿಗೊಮ್ಮೆ ಉತ್ತರ ದಕ್ಷಿಣಗಳನ್ನೇ ಅದಲುಬದಲು ಮಾಡಿಕೊಳ್ಳುತ್ತದೆ. ಕಡೆಯ ಸಲ ಹಾಗೆ ಪಲ್ಲಟಗೊಂಡು ನೆಲೆನಿಂತದ್ದು ಸುಮಾರು 7.7 ಲಕ್ಷ ವರ್ಷಗಳ ಹಿಂದೆ. ಮನುಷ್ಯರ ಯಾವ ದಾಖಲೆಯೂ ಅಲ್ಲಿಗೆ ಮುಟ್ಟುವುದಿಲ್ಲ.

ಕಾಂತಕ್ಷೇತ್ರದ ದಿಕ್ಕಿನಲ್ಲಿ ಎರಡು ಅಂಶಗಳಿವೆ. ಸೂಜಿ ಯಾವ ಕಡೆ ಮುಖ ಮಾಡುತ್ತದೆ ಎಂಬುದು ಒಂದು. ಎಷ್ಟು ಕೆಳಕ್ಕೋ ಮೇಲಕ್ಕೋ ಬಾಗುತ್ತದೆ ಎಂಬ ನತಿ ಇನ್ನೊಂದು. ಕಾಂತ ಸಮಭಾಜಕದ ಮೇಲೆ ಸೂಜಿ ನೆಲಕ್ಕೆ ಸಮಾನಾಂತರವಾಗಿರುತ್ತದೆ, ಕಾಂತಧ್ರುವದಲ್ಲಿ ನೆಟ್ಟಗೆ ನಿಲ್ಲುತ್ತದೆ. ಉತ್ತರಾರ್ಧದಲ್ಲಿ ಅದರ ಉತ್ತರ ತುದಿ ಕೆಳಕ್ಕೆ ಬಾಗುತ್ತದೆ, ದಕ್ಷಿಣಾರ್ಧದಲ್ಲಿ ಮೇಲಕ್ಕೆ. ಈ ನತಿಗೂ ಅಕ್ಷಾಂಶಕ್ಕೂ ಸರಳ ಗಣಿತದ ಸಂಬಂಧವಿದೆ: ನತಿಯ ಟ್ಯಾಂಜೆಂಟು ಅಕ್ಷಾಂಶದ ಟ್ಯಾಂಜೆಂಟಿನ ಎರಡರಷ್ಟು. ಆದ್ದರಿಂದ ಹಳೆಯ ಬಂಡೆಯೊಂದರ ನತಿಯನ್ನು ನಂಬಬಹುದಾದರೆ, ಆ ನೆಲ ಆಗ ಯಾವ ಅಕ್ಷಾಂಶದಲ್ಲಿತ್ತು ಎಂದು ಲೆಕ್ಕ ಹಾಕಬಹುದು. ವಾದದ ಭಾರವೆಲ್ಲ ಆ ‘ನಂಬಬಹುದಾದರೆ’ ಎಂಬುದರ ಮೇಲಿದೆ.

ಬಸಾಲ್ಟ್ ಲಾವಾ ಹೊರಬೀಳುವಾಗ ಅದರ ಶಾಖ 1,100 ಡಿಗ್ರಿ ಸೆಲ್ಸಿಯಸ್ಸಿಗೂ ಹೆಚ್ಚು. ಆ ಶಾಖದಲ್ಲಿ ಯಾವ ಖನಿಜಕ್ಕೂ ಶಾಶ್ವತ ಕಾಂತತ್ವ ಇರಲಾರದು. ಲಾವಾ ಗಟ್ಟಿಯಾಗಿ, ಇನ್ನೂ ಆರುತ್ತಾ, ಮ್ಯಾಗ್ನೆಟೈಟಿನ ಕ್ಯೂರಿ ತಾಪವಾದ 580 ಡಿಗ್ರಿಗಿಂತ ಕೆಳಗಿಳಿದಾಗ ಅದರೊಳಗಿನ ಕಣಗಳು ಕಾಂತತ್ವ ತಳೆಯತೊಡಗುತ್ತವೆ. ಹೆಮಟೈಟಿಗೆ ಆ ಗಡಿ ಸುಮಾರು 675 ಡಿಗ್ರಿ. ಟೈಟಾನಿಯಂ ಬೆರೆತಷ್ಟೂ ಗಡಿ ಕೆಳಗಿಳಿಯುತ್ತದೆ. ಗಮನಿಸಬೇಕಾದದ್ದು, ಈ ಹೊತ್ತಿಗೆ ಕಲ್ಲು ಗಟ್ಟಿಯಾಗಿ ಹೋಗಿರುತ್ತದೆ. ಕಣಗಳು ದಿಕ್ಸೂಚಿಯ ಸೂಜಿಯಂತೆ ತಿರುಗಿ ನಿಲ್ಲುತ್ತವೆ ಎಂದು ಜನಪ್ರಿಯ ಬರಹಗಳಲ್ಲಿ ಓದುತ್ತೇವೆ. ಲಾವಾದ ಮಟ್ಟಿಗೆ ಅದು ತಪ್ಪು ಚಿತ್ರ. ಕಣ ಇದ್ದಲ್ಲೇ ಇರುತ್ತದೆ, ಅದರೊಳಗಿನ ಕಾಂತತ್ವ ಮಾತ್ರ ಹೊರಗಿನ ಕ್ಷೇತ್ರದತ್ತ ವಾಲುತ್ತದೆ. ಇಟ್ಟಿಗೆಗೂಡು ಆರುವಾಗ ಪ್ರತಿ ಇಟ್ಟಿಗೆಯಲ್ಲೂ ನಡೆಯುವುದು ಇದೇ.

ಹಾಗೆ ವಾಲಿದ ಕಾಂತತ್ವ ಕೋಟ್ಯಂತರ ವರ್ಷ ಅಲ್ಲೇ ಉಳಿಯುವುದು ಹೇಗೆ? 1949ರಲ್ಲಿ ಫ್ರಾನ್ಸಿನ ಲೂಯಿ ನೀಲ್ ಇದಕ್ಕೆ ಉತ್ತರ ಕೊಟ್ಟರು. ಕಾಂತತ್ವದ ಮೇಲಿನ ಅವರ ಕೆಲಸಕ್ಕೆ 1970ರಲ್ಲಿ ನೊಬೆಲ್ ಬಂತು. ಒಂದು ಮೈಕ್ರೊಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಚಿಕ್ಕದಾದ ಮ್ಯಾಗ್ನೆಟೈಟ್ ಕಣದಲ್ಲಿ ಕಾಂತತ್ವವೆಲ್ಲ ಒಂದೇ ದಿಕ್ಕಿಗೆ ಕಟ್ಟುಬಿದ್ದಿರುತ್ತದೆ. ಅದು ಮಗುಚಬೇಕಾದರೆ ಶಕ್ತಿಯ ಒಂದು ದಿಣ್ಣೆಯನ್ನು ದಾಟಬೇಕು. ಶಾಖ ಆ ದಿಣ್ಣೆ ದಾಟಿಸಲು ನೋಡುತ್ತದೆ, ಕಣದ ಗಾತ್ರ ಮತ್ತು ಆಕಾರ ತಡೆಯುತ್ತವೆ. ಈ ಎರಡರ ಅನುಪಾತ ಗಣಿತದಲ್ಲಿ ಘಾತವಾಗಿ ಬರುವುದರಿಂದ ಸ್ವಲ್ಪ ಶಾಖ ಕಡಿಮೆಯಾದರೂ ಕಣದ ನೆನಪಿನ ಆಯಸ್ಸು ಅಗಾಧವಾಗಿ ಹಿಗ್ಗುತ್ತದೆ. 550 ಡಿಗ್ರಿಯಲ್ಲಿ ಕೆಲವೇ ನಿಮಿಷಗಳಲ್ಲಿ ಮರೆಯುವ ಕಣ, ಕೋಣೆಯ ಶಾಖದಲ್ಲಿ ಭೂಮಿಯ ವಯಸ್ಸಿಗಿಂತ ಹೆಚ್ಚು ಕಾಲ ನೆನಪಿಟ್ಟುಕೊಳ್ಳಬಲ್ಲದು. ತೀರ ಚಿಕ್ಕ ಕಣಗಳು ಕೋಣೆಯ ಶಾಖದಲ್ಲೂ ಮರೆಯುತ್ತಲೇ ಇರುತ್ತವೆ, ಮರೆತು ಇಂದಿನ ಕ್ಷೇತ್ರದ ದಿಕ್ಕನ್ನು ಕಲಿಯುತ್ತಿರುತ್ತವೆ. ಒಂದೇ ಹಿಡಿ ಕಲ್ಲಿನಲ್ಲಿ ಹೀಗೆ ಬೇರೆಬೇರೆ ಆಯಸ್ಸಿನ ನೆನಪುಗಳು ಒಟ್ಟಿಗಿರುತ್ತವೆ. ನೀಲ್ ಅವರ ಸೂತ್ರವನ್ನು ನೆನಪಿನ ಸೂತ್ರ ಎನ್ನುವ ಬದಲು ಮರೆವಿನ ಸೂತ್ರ ಎಂದರೇ ಹೆಚ್ಚು ಸರಿ.

ಈ ಕಣ್ಣಿನಿಂದ ನಮ್ಮ ಸುತ್ತಲಿನ ಬೆಟ್ಟಗಳನ್ನು ನೋಡೋಣ. ವಿಶಾಖಪಟ್ಟಣದ ಕೈಲಾಸಗಿರಿ, ಡಾಲ್ಫಿನ್ಸ್ ನೋಸ್, ಇಲ್ಲಿನ ಇಂದ್ರಕೀಲಾದ್ರಿ ಎಲ್ಲವೂ ಪೂರ್ವಘಟ್ಟದ ಖೊಂಡಲೈಟ್, ಚಾರ್ನೊಕೈಟ್ ಕಲ್ಲುಗಳ ಸೀಮೆಗೆ ಸೇರಿದವು. ಇವು ದಖ್ಖನ್ ಲಾವಾಕ್ಕಿಂತ ಎಷ್ಟೋ ಪಾಲು ಪ್ರಾಚೀನ, ಆದ್ದರಿಂದ ಇವುಗಳ ಕಾಂತಚರಿತ್ರೆಯೂ ಅಷ್ಟೇ ಪ್ರಾಚೀನ ಎಂದುಕೊಳ್ಳುವುದು ಸಹಜ. ಆದರೆ ಖೊಂಡಲೈಟು ಹಿಂದೊಮ್ಮೆ ಕೆಸರು ಮರಳುಗಳ ಪದರವಾಗಿತ್ತು. ಭೂಮಿಯ ಒಡಲಿಗಿಳಿದು 900 ಡಿಗ್ರಿಯ ಆಸುಪಾಸಿನಲ್ಲಿ ಬೆಂದು ಮರುಹುಟ್ಟು ಪಡೆಯಿತು. ವಿಜಯವಾಡ, ಕೊಂಡಪಲ್ಲಿ ಭಾಗದಲ್ಲಿ ಇದು ನಡೆದದ್ದು ಸುಮಾರು 160 ಕೋಟಿ ವರ್ಷಗಳ ಹಿಂದೆ, ವಿಶಾಖಪಟ್ಟಣದ ಭಾಗದಲ್ಲಿ ಸುಮಾರು 100 ಕೋಟಿ ವರ್ಷಗಳ ಹಿಂದೆ. ಕಲ್ಲಿನ ಯಾವ ಕಾಂತಖನಿಜದ ಕ್ಯೂರಿ ತಾಪವೂ 900 ಡಿಗ್ರಿಯನ್ನು ಮುಟ್ಟದು. ಬೇಯುವ ಮೊದಲಿನದೆಲ್ಲ ಅಳಿಸಿಹೋಯಿತು. ಆಮೇಲೆ ಈ ಕಲ್ಲು ಕೋಟಿಗಟ್ಟಲೆ ವರ್ಷ ನಿಧಾನವಾಗಿ ಆರಿತು. ಲಾವಾದಂತೆ ಒಂದು ಕ್ಷಣದ ಕ್ಷೇತ್ರ ಇದರಲ್ಲಿ ಸಿಗುವುದಿಲ್ಲ, ಒಂದು ದೀರ್ಘಾವಧಿಯ ಸರಾಸರಿ ಸಿಗುತ್ತದೆ. ಬೆಟ್ಟದ ವಯಸ್ಸೇ ಒಂದು, ಅದರ ಕಾಂತತ್ವದ ವಯಸ್ಸೇ ಇನ್ನೊಂದು ಎಂಬುದನ್ನು ಮರೆತರೆ ಎಂಥ ಎಡವಟ್ಟು ತೀರ್ಮಾನಕ್ಕಾದರೂ ಬರಬಹುದು.

ಭಾರತದ ಕಲ್ಲುಗಳನ್ನು ಈ ಉದ್ದೇಶಕ್ಕೆ ಅಳೆದ ಕತೆಯಲ್ಲಿ ಒಂದು ವಿಚಿತ್ರ ತಿರುವಿದೆ. ಬ್ರಿಟನ್ನಿನ ಭೌತವಿಜ್ಞಾನಿ ಪ್ಯಾಟ್ರಿಕ್ ಬ್ಲಾಕೆಟ್ 1947ರಲ್ಲಿ ಒಂದು ಸಿದ್ಧಾಂತ ಮಂಡಿಸಿದರು: ದೊಡ್ಡ ಕಾಯವೊಂದು ತಿರುಗುತ್ತಿದ್ದರೆ ಸಾಕು, ಅದಕ್ಕೆ ಕಾಂತತ್ವ ಬರುತ್ತದೆ. ಪರೀಕ್ಷಿಸಲು ಬ್ಯಾಂಕ್ ಆಫ್ ಇಂಗ್ಲೆಂಡಿನಿಂದ 15 ಕಿಲೋದಷ್ಟು ಚಿನ್ನವನ್ನು ಎರವಲು ತಂದು, ಅದರ ಉರುಳೆ ಮಾಡಿಸಿ, ಅತಿ ಸೂಕ್ಷ್ಮವಾದ ಕಾಂತಮಾಪಕವನ್ನು ಕಟ್ಟಿದರು. ಚಿನ್ನದಲ್ಲಿ ನಿರೀಕ್ಷಿಸಿದ ಕಾಂತತ್ವ ಕಾಣಲಿಲ್ಲ, 1952ರಲ್ಲಿ ಅವರೇ ಆ ಸಿದ್ಧಾಂತವನ್ನು ಕೈಬಿಟ್ಟರು. ಮಾಪಕ ಮಾತ್ರ ಉಳಿಯಿತು. ಕಲ್ಲಿನ ದುರ್ಬಲ ಕಾಂತತ್ವವನ್ನು ಅಳೆಯಲು ಅದು ಹೇಳಿಮಾಡಿಸಿದಂತಿತ್ತು. ಬ್ಲಾಕೆಟ್ ಬಳಗದ ಕ್ಲೆಗ್, ಡಾಯ್ಚ್ ಮತ್ತು ಗ್ರಿಫಿತ್ಸ್ ದಖ್ಖನ್ ಲಾವಾದ ಅಳತೆಗಳನ್ನು 1956ರಲ್ಲಿ ಪ್ರಕಟಿಸಿದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ರಾಧಾಕೃಷ್ಣಮೂರ್ತಿ ಮತ್ತು ಸಹಸ್ರಬುದ್ಧೆ 1958ರಲ್ಲಿ ಕ್ಲೆಗ್ ಜೊತೆ ಸೇರಿ ರಾಜಮಹಲ್ ಬೆಟ್ಟಗಳ ಇನ್ನೂ ಹಳೆಯ ಲಾವಾವನ್ನು ಅಳೆದರು. ರಾಜಮಹೇಂದ್ರವರದ ಲಾವಾದ ಕಾಂತದಿಕ್ಕುಗಳನ್ನು ಭೀಮಶಂಕರಂ 1965ರಲ್ಲಿ ಪ್ರಕಟಿಸಿದರು.

ಈ ಅಳತೆಗಳಲ್ಲಿ ಕಂಡದ್ದು ಎರಡು ಗುಂಪು. ದಖ್ಖನ್ನಿನ ಕೆಲವು ಲಾವಾ ಪದರಗಳ ಕಾಂತತ್ವ ಉತ್ತರಕ್ಕೆ ತುಸು ಪಶ್ಚಿಮವಾಗಿ, ಮೇಲ್ಮುಖವಾಗಿ ಇದೆ. ಉಳಿದವುಗಳದು ಸರಿಸುಮಾರು ಅದಕ್ಕೆ ತದ್ವಿರುದ್ಧ: ದಕ್ಷಿಣಕ್ಕೆ ತುಸು ಪೂರ್ವವಾಗಿ, ಕೆಳಮುಖವಾಗಿ. ಇಂದು ಈ ನೆಲದಲ್ಲಿ ಸೂಜಿಯ ಉತ್ತರ ತುದಿ ಕೆಳಕ್ಕೆ ಬಾಗುತ್ತದೆ. ಉತ್ತರಕ್ಕೆ ಮುಖ ಮಾಡಿಯೂ ಮೇಲಕ್ಕೆ ನೋಡುವ ಕಾಂತತ್ವ ಸಿಗಬೇಕಾದರೆ ಕಲ್ಲು ಆರಿದ ಜಾಗ ದಕ್ಷಿಣಾರ್ಧದಲ್ಲಿರಬೇಕು. ಲೆಕ್ಕ ಹಾಕಿದರೆ ದಕ್ಷಿಣಕ್ಕೆ 30 ಡಿಗ್ರಿಯ ಸಮೀಪ. ಅಂದಿನಿಂದ ಇಂದಿಗೆ ಸುಮಾರು 50 ಡಿಗ್ರಿ, ಎಂದರೆ 5,500 ಕಿಲೋಮೀಟರು. ವರ್ಷಕ್ಕೆ ಸರಾಸರಿ 8 ಸೆಂಟಿಮೀಟರು. ಇಲ್ಲೊಂದು ಜಾಣ ಆಕ್ಷೇಪ ಎತ್ತಬಹುದು: ಕೆಳಮುಖ ಕಾಂತತ್ವದ ಪದರಗಳನ್ನೇ ಮೂಲವೆಂದು ಹಿಡಿದು, ಭಾರತ ಉತ್ತರಾರ್ಧದಲ್ಲೇ ಇತ್ತು, ಆದರೆ ಹೆಚ್ಚುಕಡಿಮೆ ಅರ್ಧಸುತ್ತು ತಿರುಗಿಕೊಂಡಿತ್ತು ಎನ್ನಬಾರದೇಕೆ? ಗಣಿತ ಅದನ್ನು ಒಪ್ಪುತ್ತದೆ. ಕಾಲಕ್ರಮ ಒಪ್ಪುವುದಿಲ್ಲ. ಸುಮಾರು 11.7 ಕೋಟಿ ವರ್ಷ ಹಿಂದಿನ ರಾಜಮಹಲ್ ಲಾವಾ ಭಾರತವನ್ನು 40 ಡಿಗ್ರಿಗಿಂತಲೂ ದಕ್ಷಿಣಕ್ಕೆ ಇಡುತ್ತದೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳ ಕಂಬಗಲ್ಲು, ಸುಮಾರು 9 ಕೋಟಿ ವರ್ಷದ್ದು, ಮಡಗಾಸ್ಕರಿನ ಸಮಕಾಲೀನ ಲಾವಾಗಳ ಜೊತೆ ಹೊಂದುತ್ತದೆ. ಒಂದರ ನಂತರ ಒಂದು ಇಟ್ಟ ಹೆಜ್ಜೆಗಳ ಹಾಗೆ ಇವು ಉತ್ತರಕ್ಕೆ ಸಾಗುತ್ತವೆ. ನಡುವೆ ದಖ್ಖನ್ನಿಗೆ ಮಾತ್ರ ಒಂದು ಗಿರಕಿ ಹೊಡೆಸಲು ಭೂವಿಜ್ಞಾನದ ಬೇರಾವ ಪುರಾವೆಯೂ ಇಲ್ಲ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಬೇರೆ ಇದೆ. ಒಂದೇ ಕಲ್ಲಿನಲ್ಲಿ ಹಲವು ನೆನಪುಗಳಿವೆ ಎಂದ ಮೇಲೆ ನಾವು ಅಳೆಯುತ್ತಿರುವುದು ಯಾವುದನ್ನು? ಈ ನೆಲದ ಕಲ್ಲು 7.7 ಲಕ್ಷ ವರ್ಷಗಳಿಂದ ಇಂದಿನ ದಿಕ್ಕಿನ ಕ್ಷೇತ್ರದಲ್ಲಿ ನೆನೆಯುತ್ತಾ ಕೂತಿದೆ. ಮಳೆ ಬಿಸಿಲಿಗೆ ಮೇಲ್ಪದರ ಕೆಂಪಗೆ ಮುರಕಲ್ಲಾಗುವಾಗ ಹೊಸ ಹೆಮಟೈಟು ಹುಟ್ಟಿ, ಹುಟ್ಟಿದ ದಿನದ ಕ್ಷೇತ್ರವನ್ನು ಬರೆದುಕೊಳ್ಳುತ್ತದೆ. ಗುಡ್ಡದ ನೆತ್ತಿಗೆ ಸಿಡಿಲು ಬಡಿದರೆ ಅದರ ವಿದ್ಯುತ್ತು ಕಲ್ಲಿಗೆ ಬೇಕಾಬಿಟ್ಟಿ ದಿಕ್ಕಿನ ಪ್ರಬಲ ಕಾಂತತ್ವ ಕೊಟ್ಟುಬಿಡುತ್ತದೆ. ಅಂಥ ಬಂಡೆಯ ಪಕ್ಕ ದಿಕ್ಸೂಚಿ ಹಿಡಿದು ನಡೆದರೆ ಸೂಜಿ ಹುಚ್ಚೆದ್ದಂತೆ ಸುತ್ತುತ್ತದೆ. 1950ರ ದಶಕದ ಮೊದಲ ಅಳತೆಗಳಲ್ಲಿ ಈ ಕಲಬೆರಕೆ ಇತ್ತು, ದಿಕ್ಕುಗಳು ಚದುರಿಹೋಗಿದ್ದವು. ಪರಿಹಾರ ಬಂದದ್ದು ಮರೆವಿನ ನಿಯಮದಿಂದಲೇ. ಬೇಗ ಮರೆಯುವ ಕಣಗಳು ಕಡಿಮೆ ಶಾಖಕ್ಕೇ ಮರೆಯುತ್ತವೆ. ಕಲ್ಲಿನ ತುಂಡನ್ನು ಹೊರಗಿನ ಕ್ಷೇತ್ರ ಸೋಕದ ಕುಲುಮೆಯಲ್ಲಿ 100, 200, 300 ಡಿಗ್ರಿ ಎಂದು ಹಂತಹಂತವಾಗಿ ಕಾಯಿಸಿ, ಆರಿಸಿ, ಪ್ರತಿ ಸಲವೂ ಉಳಿದದ್ದನ್ನು ಅಳೆದರೆ, ತೀರ ಈಚಿನ ನೆನಪು ಮೊದಲು ಕಳಚುತ್ತದೆ, ಹುಟ್ಟಿನ ನೆನಪು ಕಡೆಯವರೆಗೆ ನಿಲ್ಲುತ್ತದೆ. ಪರ್ಯಾಯ ಕಾಂತಕ್ಷೇತ್ರದಿಂದಲೂ ಹೀಗೆ ಕಳಚಬಹುದು. ಸಿಡಿಲಿನ ಕೊಳೆಗೆ ಅದೇ ಮದ್ದು. 1950ರ ದಶಕದ ಕೊನೆಯ ಹೊತ್ತಿಗೆ ಈ ‘ತೊಳೆಯುವ’ ವಿಧಾನಗಳು ನೆಲೆಯೂರಿದವು.

ಇದರ ಬೆನ್ನಿಗೇ ಸಂದೇಹವಾದಿ ಕೇಳುತ್ತಾನೆ: ಬೇಡವಾದದ್ದನ್ನು ಅಳಿಸಿ ಬೇಕಾದದ್ದನ್ನು ಉಳಿಸಿಕೊಳ್ಳುವುದಾದರೆ ಉತ್ತರವನ್ನು ಮೊದಲೇ ಜೇಬಿನಲ್ಲಿಟ್ಟುಕೊಂಡು ಪ್ರಶ್ನೆ ಬಿಡಿಸಿದಂತಾಗಲಿಲ್ಲವೇ? ನ್ಯಾಯವಾದ ಪ್ರಶ್ನೆ. ಎಲ್ಲಿ ನಿಲ್ಲಿಸಬೇಕು ಎಂಬುದು ಸಂಶೋಧಕನ ಇಷ್ಟಕ್ಕೆ ಬಿಟ್ಟದ್ದಾಗಿದ್ದರೆ ಈ ಶಾಸ್ತ್ರ ಎಂದೋ ಬಿದ್ದುಹೋಗುತ್ತಿತ್ತು. ಆದರೆ ಸಂಶೋಧಕನ ಕೈಮೀರಿದ ಪರೀಕ್ಷೆಗಳಿವೆ. ಎರಡು ಗುಂಪಿನ ಪದರಗಳನ್ನು ಬೇರೆಬೇರೆಯಾಗಿ ತೊಳೆದ ಮೇಲೆ ಅವುಗಳ ದಿಕ್ಕುಗಳು ಒಂದಕ್ಕೊಂದು 180 ಡಿಗ್ರಿಗೆ ನಿಲ್ಲಬೇಕು. ಇಂದಿನ ಕ್ಷೇತ್ರದ ಕಲಬೆರಕೆ ಉಳಿದಿದ್ದರೆ ಅದು ಎರಡನ್ನೂ ಒಂದೇ ಕಡೆಗೆ ಎಳೆಯುತ್ತದೆ, ಆಗ ಅವು ಎದುರುಬದುರು ನಿಲ್ಲಲಾರವು. ಚೆನ್ನಾಗಿ ತೊಳೆದ ದಖ್ಖನ್ ಪದರಗಳು ಎದುರುಬದುರು ನಿಲ್ಲುತ್ತವೆ. 1949ರಲ್ಲಿ ಅಮೆರಿಕದ ಜಾನ್ ಗ್ರಹಾಂ ಸೂಚಿಸಿದ ಮಡಿಕೆಯ ಪರೀಕ್ಷೆ ಇನ್ನೊಂದು: ಪದರಗಳು ಮಡಿಚಿಕೊಂಡಿರುವಲ್ಲಿ, ಲೆಕ್ಕದಲ್ಲಿ ಮಡಿಕೆ ಬಿಚ್ಚಿದಾಗ ದಿಕ್ಕುಗಳು ಒಂದಾದರೆ ಕಾಂತತ್ವ ಮಡಿಕೆಗಿಂತ ಹಳೆಯದು, ಇನ್ನಷ್ಟು ಚದುರಿದರೆ ಹೊಸದು. ಮೂರನೆಯದು ಕಾದ ಅಂಚಿನ ಪರೀಕ್ಷೆ. ಬಿಸಿ ಶಿಲಾರಸ ತನ್ನ ಪಕ್ಕದ ಹಳೆಯ ಕಲ್ಲನ್ನು ಕಾಯಿಸಿ ಅದರ ನೆನಪನ್ನು ಅಳಿಸುತ್ತದೆ; ಆ ಅಂಚು ಹೊಸ ಕಲ್ಲಿನ ದಿಕ್ಕನ್ನೇ ತೋರಿಸಬೇಕು, ದೂರದ ಹಳೆಯ ಕಲ್ಲು ತನ್ನ ದಿಕ್ಕನ್ನೇ ಉಳಿಸಿಕೊಂಡಿರಬೇಕು. ಬೆಂಗಳೂರು ಸುತ್ತಿನ ಸುಮಾರು 237 ಕೋಟಿ ವರ್ಷ ಹಿಂದಿನ ಡೈಕುಗಳು, ಎಂದರೆ ಬಿರುಕುಗಳಿಗೆ ನುಗ್ಗಿ ಗಟ್ಟಿಯಾದ ಶಿಲಾರಸದ ಗೋಡೆಗಳು, ಧಾರವಾಡ ಶಿಲಾಸೀಮೆಯನ್ನು ಧ್ರುವದ ಹತ್ತಿರ ಇಡುತ್ತವೆ. ಅಷ್ಟು ಹಳೆಯ ಮಾತನ್ನು ಇಂಥ ಪರೀಕ್ಷೆ ಇಲ್ಲದೆ ಗಂಭೀರವಾಗಿ ತೆಗೆದುಕೊಳ್ಳಲು ಸಾಧ್ಯವಿಲ್ಲ. ಈ ಮೂರರಲ್ಲೂ ಕಲ್ಲು ನಪಾಸಾಗಬಹುದು, ಎಷ್ಟೋ ಸಲ ಆಗುತ್ತದೆ. ನಪಾಸಾಗುವ ಅವಕಾಶವಿರುವುದರಿಂದಲೇ ಪಾಸಾದದ್ದಕ್ಕೆ ಬೆಲೆ.

ಇನ್ನು ಧ್ರುವಪಲ್ಲಟ. ಫ್ರಾನ್ಸಿನ ಬರ್ನಾರ್ ಬ್ರುನ್ಸ್ 1905ರಲ್ಲಿ ಲಾವಾದ ಕೆಳಗೆ ಸುಟ್ಟ ಜೇಡಿಯಲ್ಲೂ, ಮೇಲಿನ ಲಾವಾದಲ್ಲೂ ತಲೆಕೆಳಗಾದ ಕಾಂತತ್ವ ಕಂಡು, ಭೂಮಿಯ ಕ್ಷೇತ್ರವೇ ಆಗ ತಿರುಗಿತ್ತು ಎಂದರು. ಬಹಳ ಜನ ನಂಬಲಿಲ್ಲ. 1950ರ ದಶಕದ ಆರಂಭದಲ್ಲಿ ಅನುಮಾನಕ್ಕೆ ಗಟ್ಟಿ ಆಧಾರವೇ ಸಿಕ್ಕಿತು. ಕ್ಷೇತ್ರ ತಿರುಗದೆಯೂ ಕೆಲವು ಖನಿಜಗಳು ತಮ್ಮಷ್ಟಕ್ಕೆ ಉಲ್ಟಾ ಕಾಂತತ್ವ ಪಡೆಯಬಹುದು ಎಂದು ನೀಲ್ ತೋರಿಸಿದರು. ಜಪಾನಿನ ನಗಾಟಾ ಬಳಗ ಹರುನಾ ಜ್ವಾಲಾಮುಖಿಯ ಕಲ್ಲಿನಲ್ಲಿ ಅದನ್ನು ಪ್ರಯೋಗಾಲಯದಲ್ಲೇ ಮಾಡಿ ತೋರಿಸಿತು. ಹಾಗಾದರೆ ದಖ್ಖನ್ನಿನ ಉಲ್ಟಾ ಪದರಗಳೆಲ್ಲ ಖನಿಜದ ಚೇಷ್ಟೆ ಇರಬಾರದೇಕೆ? ಒಂದೊಂದೇ ಕಲ್ಲನ್ನು ನೋಡುತ್ತಾ ಕೂತರೆ ಇದಕ್ಕೆ ಉತ್ತರ ಸಿಗದು. ಬೇರೆ ಬೇರೆ ಜಾತಿಯ, ಬೇರೆ ಬೇರೆ ಜಾಗದ, ಆದರೆ ಒಂದೇ ವಯಸ್ಸಿನ ಕಲ್ಲುಗಳು ಒಂದೇ ಮಾತು ಹೇಳುತ್ತವೆಯೇ ಎಂದು ನೋಡಬೇಕು. ಇಲ್ಲಿ ರಾಜಮಹೇಂದ್ರವರ ನೆರವಿಗೆ ಬರುತ್ತದೆ.

ದಖ್ಖನ್ ಲಾವಾದ ಮುಖ್ಯ ಹರವು ಮುಗಿದ ಮೇಲೆ ಪೂರ್ವಕ್ಕೆ ನೂರಾರು ಕಿಲೋಮೀಟರು ಲಾವಾದ ಸುಳಿವಿಲ್ಲ. ಆಮೇಲೆ ಗೋದಾವರಿಯ ಎರಡೂ ದಡಗಳಲ್ಲಿ, ಇತ್ತ ಕಾಟೇರು, ಅತ್ತ ಪಂಗಿಡಿ, ದುದ್ದುಕೂರು ಕಡೆ, ಬಸಾಲ್ಟಿನ ಸಣ್ಣ ತುಣುಕುಗಳು ಮತ್ತೆ ತಲೆಯೆತ್ತುತ್ತವೆ. ಜಲ್ಲಿಗಾಗಿ ತೋಡಿದ ಕ್ವಾರಿಗಳಲ್ಲಿ ಅವುಗಳ ಅಡ್ಡಕೊಯ್ತ ಚೆನ್ನಾಗಿ ಕಾಣುತ್ತದೆ: ಕೆಳಗೊಂದು ಲಾವಾ, ನಡುವೆ ಸುಣ್ಣಗಲ್ಲು ಜೇಡಿಗಳ ಪದರ, ಮೇಲೆ ಮತ್ತೊಂದು ಲಾವಾ. ಕೆಳಗಿನದು ಉಲ್ಟಾ ಕಾಂತತ್ವದ್ದು, ಮೇಲಿನದು ನೇರ. ನಡುವಣ ಪದರದಲ್ಲಿ ಸಮುದ್ರದ ಸೂಕ್ಷ್ಮಜೀವಿಗಳಾದ ಫೊರಾಮಿನಿಫೆರಾ ಚಿಪ್ಪುಗಳಿವೆ. 2008ರಲ್ಲಿ ಗೆರ್ಟಾ ಕೆಲ್ಲರ್ ಮತ್ತು ಸಂಗಡಿಗರು ಅವನ್ನು ಪರಿಶೀಲಿಸಿ, ಡೈನೊಸಾರುಗಳನ್ನು ಕೊನೆಗಾಣಿಸಿದ ಮಹಾ ಅಳಿವಿನ ಬೆನ್ನಿಗೇ ಬಾಳಿದ ಜಾತಿಗಳಿವು ಎಂದರು. ಈಗ ಇಟಲಿಯ ಗುಬ್ಬಿಯೊಗೆ ಹೋಗೋಣ. ಅಲ್ಲಿನದು ಆಳಕಡಲಿನ ಸುಣ್ಣಗಲ್ಲು, ಲಾವಾ ಅಲ್ಲ. ಅದು ಕಾಂತತ್ವ ಪಡೆದದ್ದು ಕಾದು ಆರಿದ್ದರಿಂದಲೂ ಅಲ್ಲ, ಕಡಲತಳದ ಕೆಸರು ಗಟ್ಟಿಯಾಗುವಾಗ. 1977ರಲ್ಲಿ ಪ್ರಕಟವಾದ ಅದರ ಅಳತೆಗಳ ಪ್ರಕಾರ ಮಹಾ ಅಳಿವಿನ ಗೆರೆ ಬೀಳುವುದು ಒಂದು ಉಲ್ಟಾ ಅವಧಿಯ ಒಳಗೆ, ಅದರ ಮೇಲಿನದು ನೇರ ಅವಧಿ. ಇವನ್ನು ಭೂವಿಜ್ಞಾನಿಗಳು 29ಆರ್, 29ಎನ್ ಎಂದು ಕರೆಯುತ್ತಾರೆ. ಗೋದಾವರಿ ದಡದಲ್ಲೂ ಅದೇ ಕ್ರಮ: ಉಲ್ಟಾ, ಅಳಿವಿನ ನಂತರದ ಜೀವಿಗಳು, ನೇರ. ಖನಿಜ ಬೇರೆ, ಬರೆಯುವ ವಿಧಾನ ಬೇರೆ, ಗೋಳಾರ್ಧವೂ ಬೇರೆ. ಖನಿಜದ ಚೇಷ್ಟೆ ಇಷ್ಟು ಶಿಸ್ತಾಗಿರಲಾರದು.

ದಖ್ಖನ್ನಿನ ಬಗೆಗೆ ಇದರಿಂದ ಆದ ಲಾಭ ಸಣ್ಣದಲ್ಲ. ಆ ಲಾವಾಗಳು ಸುರಿಯಲು ಕೋಟಿಗಟ್ಟಲೆ ವರ್ಷ ಹಿಡಿದಿರಬೇಕೆಂಬ ನಂಬಿಕೆ ಹಿಂದೆ ಇತ್ತು. 1986ರಲ್ಲಿ ವಿನ್ಸೆಂಟ್ ಕೂರ್ಟಿಯೊ ಮತ್ತು ಸಂಗಡಿಗರು ಪದರಗಳ ಧ್ರುವದಿಕ್ಕುಗಳನ್ನು ಒಟ್ಟಿಗಿಟ್ಟು ನೋಡಿದರು. ಅಷ್ಟೊಂದು ಕಾಲ ಹಿಡಿದಿದ್ದರೆ ಪಲ್ಲಟಗಳು ಹಲವಾರು ಸಿಗಬೇಕಿತ್ತು. ಸಿಕ್ಕದ್ದು ನೇರ, ಉಲ್ಟಾ, ನೇರ ಎಂಬ ಒಂದೇ ಸರಣಿ, ಅದರಲ್ಲೂ ಬಹುಪಾಲು ಉಲ್ಟಾ. ಲಾವಾದ ಬಹುಭಾಗ ಹತ್ತು ಲಕ್ಷ ವರ್ಷದ ಆಸುಪಾಸಿನಲ್ಲಿ ಸುರಿದಿರಬೇಕೆಂಬ ತೀರ್ಮಾನವನ್ನು ಮುಂದೆ ವಿಕಿರಣ ಕಾಲಗಣನೆಯೂ ಒಪ್ಪಿತು.

ಅಕ್ಷಾಂಶದ ಲೆಕ್ಕಕ್ಕೆ ಆಧಾರವಾದ ಸೂತ್ರದ ಮೇಲೂ ಒಂದು ಆಕ್ಷೇಪ ಬಾಕಿ ಇದೆ. ಆ ಸೂತ್ರವನ್ನೇ ನಂಬಿದರೆ ಇಂದು ವಿಜಯವಾಡದಲ್ಲಿ ನತಿ 30 ಡಿಗ್ರಿ ಇರಬೇಕು. ಇರುವುದು 20ರ ಸಮೀಪ. ಕಣ್ಣೆದುರಿನ ಊರಿಗೇ ತಪ್ಪುವ ಸೂತ್ರ 6.6 ಕೋಟಿ ವರ್ಷದ ಹಿಂದಕ್ಕೆ ಸಲ್ಲುವುದೇ? ಸಲ್ಲುತ್ತದೆ, ಒಂದು ಷರತ್ತಿನ ಮೇಲೆ. ಯಾವುದೇ ಒಂದು ಗಳಿಗೆಯ ಕ್ಷೇತ್ರ ಭೂಮಿಯ ಅಕ್ಷದೊಡನೆ ಸರಿಹೊಂದುವುದಿಲ್ಲ. ಸಾವಿರಾರು ವರ್ಷಗಳ ಸರಾಸರಿ ಹೊಂದುತ್ತದೆ. ಕಳೆದ 50 ಲಕ್ಷ ವರ್ಷಗಳ ಲಾವಾಗಳನ್ನು ಲೋಕದಾದ್ಯಂತ ಅಳೆದು ಇದನ್ನು ಕೆಲವೇ ಡಿಗ್ರಿಗಳ ಅಂತರದಲ್ಲಿ ಖಚಿತಪಡಿಸಿಕೊಳ್ಳಲಾಗಿದೆ. ಒಂದು ಲಾವಾ ಪದರ ಆರುವುದು ಕೆಲವು ವರ್ಷಗಳಲ್ಲಿ. ಅದು ಒಂದು ಗಳಿಗೆಯ ಚಿತ್ರ. ಪಶ್ಚಿಮಘಟ್ಟದಲ್ಲಿ ಒಂದರ ಮೇಲೊಂದು ಪೇರಿಸಿದ ಹತ್ತಾರು ಪದರಗಳಿಂದ ಸರಾಸರಿ ತೆಗೆಯಬಹುದು. ರಾಜಮಹೇಂದ್ರವರದ ಎರಡು ಮೂರು ಪದರಗಳಿಂದ ಅಕ್ಷಾಂಶ ಹೇಳಹೊರಟರೆ ಅದು ದುಡುಕು. ಅವು ಧ್ರುವದಿಕ್ಕಿಗೆ ಒಳ್ಳೆಯ ಸಾಕ್ಷಿ, ಅಕ್ಷಾಂಶಕ್ಕೆ ದುರ್ಬಲ ಸಾಕ್ಷಿ. ಚಲಿಸಿದ್ದು ಖಂಡವಲ್ಲ, ಇಡೀ ಭೂಮಿಯ ಚಿಪ್ಪು ಧ್ರುವಗಳಿಗೆ ಹೋಲಿಸಿ ವಾಲಿತು ಎನ್ನುವವರಿಗೆ ಉತ್ತರ ಚಿಕ್ಕದು: ಹಾಗಾಗಿದ್ದರೆ ಯುರೋಪು, ಅಮೆರಿಕ, ಭಾರತ ಮೂರರ ಕಲ್ಲುಗಳೂ ಧ್ರುವದ ಒಂದೇ ಪಥವನ್ನು ತೋರಿಸಬೇಕಿತ್ತು. ತೋರಿಸುವುದಿಲ್ಲ.

ಮರೆವು ಚರಿತ್ರೆಯನ್ನು ಪೂರ್ತಿ ನುಂಗಿಬಿಡುವ ಜಾಗವೂ ನಮ್ಮ ಹತ್ತಿರದಲ್ಲೇ ಇದೆ. ಕೃಷ್ಣಾ ಗೋದಾವರಿಗಳು ಬಂಗಾಳ ಕೊಲ್ಲಿಗೆ ಒಯ್ಯುವ ಕೆಸರಿನಲ್ಲಿ ದಖ್ಖನ್ನಿನ ಮ್ಯಾಗ್ನೆಟೈಟ್ ಧಾರಾಳವಾಗಿದೆ; ಅದು ಕಡಲತಳದಲ್ಲಿ ಪದರಪದರವಾಗಿ ಕೂತು ಕ್ಷೇತ್ರವನ್ನು ಬರೆದುಕೊಳ್ಳಲು ಶುರುಮಾಡುತ್ತದೆ. ಆದರೆ ಕೃಷ್ಣಾ ಗೋದಾವರಿ ಕೊಳ್ಳದ ಕಡಲತಳದಲ್ಲಿ ಮೀಥೇನ್ ಇದೆ, 2006ರ ಕೊರೆತದಲ್ಲಿ ಅದರ ಹಿಮಹರಳುಗಳು ಹೇರಳವಾಗಿ ಸಿಕ್ಕವು. ಮೇಲೇರುವ ಮೀಥೇನು ಕಡಲನೀರಿನ ಸಲ್ಫೇಟಿನ ಜೊತೆ ಸೇರುವಲ್ಲಿ ಸೂಕ್ಷ್ಮಾಣುಗಳ ಕೈವಾಡದಿಂದ ಹೈಡ್ರೊಜನ್ ಸಲ್ಫೈಡು ಹುಟ್ಟುತ್ತದೆ. ಅದು ಮ್ಯಾಗ್ನೆಟೈಟನ್ನು ಕರಗಿಸಿ ಪೈರೈಟ್ ಮಾಡುತ್ತದೆ. ಕೆಲವೆಡೆ ಗ್ರೈಗೈಟ್ ಎಂಬ ಇನ್ನೊಂದು ಕಾಂತಖನಿಜ ಹುಟ್ಟಿ, ಕೆಸರು ಕೂತು ಎಷ್ಟೋ ಕಾಲವಾದ ಮೇಲಿನ ಕ್ಷೇತ್ರವನ್ನು ಬರೆದುಕೊಳ್ಳುತ್ತದೆ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ಈ ಕರಗಿದ ವಲಯಗಳನ್ನೇ ಹಿಂದಿನ ಮೀಥೇನ್ ಚಟುವಟಿಕೆಯ ಗುರುತಾಗಿ ಓದುತ್ತಿದ್ದಾರೆ. ಕಾಂತಚರಿತ್ರೆ ಹುಡುಕುವವನಿಗೆ ಹಾಳಾದ ಪುಟ, ಅನಿಲ ಹುಡುಕುವವನಿಗೆ ಓದಬಲ್ಲ ಪುಟ.

ಕೊನೆಗೆ, ಕಲ್ಲಿನ ಕಾಂತತ್ವ ತೀರ್ಮಾನಿಸಲಾರದ ಸಂಗತಿಗಳು. ಪಲ್ಲಟ ಎಲ್ಲ ರೇಖಾಂಶಗಳಿಗೂ ಒಂದೇ. ನತಿಯಿಂದ ಅಕ್ಷಾಂಶ ಸಿಕ್ಕರೂ ರೇಖಾಂಶ ಸಿಗುವುದಿಲ್ಲ. ರಾಜಮಹೇಂದ್ರವರದ ಲಾವಾ ಪಶ್ಚಿಮಘಟ್ಟದ ಕಡೆಯಿಂದಲೇ ಹರಿದು ಬಂದದ್ದು, ಸುಮಾರು ಸಾವಿರ ಕಿಲೋಮೀಟರು ಉದ್ದದ ಅವು ಭೂಮಿಯ ಮೇಲಿನ ಅತಿ ಉದ್ದದ ಲಾವಾ ಹರಿವುಗಳಿರಬಹುದು ಎಂದು 2008ರಲ್ಲಿ ಸ್ಟೀಫನ್ ಸೆಲ್ಫ್ ಮತ್ತು ಸಂಗಡಿಗರು ವಾದಿಸಿದರು. ಅವರ ಪ್ರಕಾರ ಕೆಳಗಿನದು ಪಶ್ಚಿಮಘಟ್ಟದ ಅಂಬೇನಳಿ ಲಾವಾಗಳಿಗೆ, ಮೇಲಿನದು ಮಹಾಬಲೇಶ್ವರದ ಲಾವಾಗಳಿಗೆ ಸೇರಿದ್ದು. ಧ್ರುವದಿಕ್ಕು ಈ ವಾದಕ್ಕೆ ಅಡ್ಡಿ ಬರುವುದಿಲ್ಲ, ಆದರೆ ಅಡ್ಡಿ ಬರದಿರುವುದು ಸಾಬೀತಲ್ಲ. ಒಂದೇ ಅವಧಿಯಲ್ಲಿ ಬೇರೆ ಬಿರುಕಿನಿಂದ ಚಿಮ್ಮಿದ ಲಾವಾಕ್ಕೂ ಅದೇ ದಿಕ್ಕು ಇರುತ್ತಿತ್ತು. ಅವರ ವಾದ ನಿಂತಿರುವುದು ಮುಖ್ಯವಾಗಿ ರಸಾಯನದ ಹೋಲಿಕೆಯ ಮೇಲೆ. ಇಲ್ಲೇ ಒಂದು ಬಿಡಿಸದ ಗಂಟಿದೆ. ಕೆಲ್ಲರ್ ಬಳಗದ ಚಿಪ್ಪುಗಳ ಪ್ರಕಾರ ಕೆಳಗಿನ ಲಾವಾ ನಿಂತದ್ದು ಮಹಾ ಅಳಿವಿನ ಹೊಸ್ತಿಲಲ್ಲಿ. 2019ರಲ್ಲಿ ಪ್ರಕಟವಾದ ಆರ್ಗಾನ್ ಕಾಲಗಣನೆಯಾದರೋ ಅಂಬೇನಳಿ ಲಾವಾಗಳನ್ನು ಅಳಿವಿನ ನಂತರಕ್ಕೆ ತಳ್ಳುತ್ತದೆ. ಎರಡನ್ನೂ ಪೂರ್ತಿಯಾಗಿ ಒಟ್ಟಿಗೆ ಒಪ್ಪಲಾಗದು. ಒಂದೋ ರಸಾಯನದ ಹೋಲಿಕೆ ಸಡಿಲಾಗಬೇಕು, ಇಲ್ಲವೇ ಚಿಪ್ಪುಗಳ ಓದು. 29ಆರ್ ಅವಧಿ ಸುಮಾರು 6.64 ಕೋಟಿಯಿಂದ 6.57 ಕೋಟಿ ವರ್ಷದ ಹಿಂದಿನವರೆಗೆ ಹಬ್ಬಿದೆ. ಅಳಿವಿನ ಮೊದಲಿನ ಲಾವಾವೂ ಅದರೊಳಗೆ, ನಂತರದ್ದೂ ಅದರೊಳಗೆ. ಈ ವ್ಯಾಜ್ಯದಲ್ಲಿ ಕಾಂತತ್ವದ ಸಾಕ್ಷ್ಯ ಎರಡೂ ಕಡೆಗೆ ಸಮವಾಗಿ ನಿಲ್ಲುತ್ತದೆ. ಹರಳುಗಳ ಕಾಲಗಣನೆ ಇನ್ನೂ ಸೂಕ್ಷ್ಮವಾದ ಮೇಲೆ ಅದು ಬಗೆಹರಿಯಬೇಕು.